ಹಾಡು ನಿಂತ ಮೇಲೆ ಬರೆಯಿರಿ: ಕಾದಂಬರಿಗೆ ಸಂಗೀತದಿಂದ ಸ್ಫೂರ್ತಿ ಪಡೆಯುವುದು ಹೇಗೆ?

ನನ್ನ ಮೊದಲ ಕಾದಂಬರಿಯಲ್ಲಿ ಒಬ್ಬ ಅಜ್ಜಿ ತೀರಿಕೊಳ್ಳುವ ದೃಶ್ಯವಿತ್ತು. ಅದನ್ನು ಬರೆಯುವಾಗ ಒಂದು ಸಾರಂಗಿ ವಾದನವನ್ನು ಮತ್ತೆ ಮತ್ತೆ ಹಾಕಿಕೊಂಡು ಕೂತಿದ್ದೆ. ಬರೆಯುತ್ತಿದ್ದ ಹಾಗೇ ಕಣ್ಣೀರು ಬಂತು. ಇಷ್ಟು ಚೆನ್ನಾಗಿ ಹಿಂದೆಂದೂ ಬರೆದಿಲ್ಲ ಅನ್ನಿಸಿತು. ಒಂದು ತಿಂಗಳಾದ ಮೇಲೆ, ಸಂಗೀತವಿಲ್ಲದೆ, ಅದೇ ಪುಟಗಳನ್ನು ಓದಿದೆ. ಅಲ್ಲಿ ಏನೂ ಇರಲಿಲ್ಲ. ‘ಎಲ್ಲರ ಕಣ್ಣು ತುಂಬಿ ಬಂತು’, ‘ಮನೆಯಲ್ಲಿ ಮೌನ ಆವರಿಸಿತು’ ಎಂಬಂಥ ಸವೆದ ಸಾಲುಗಳಷ್ಟೇ ಇದ್ದವು. ಆವತ್ತು ನನ್ನನ್ನು ಅಳಿಸಿದ್ದು ಸಾರಂಗಿ. ನನ್ನ ಮಾತುಗಳಲ್ಲ.

ಹಾಗಂತ ನಾನು ಸಂಗೀತ ಬಿಡಲಿಲ್ಲ. ಕೇಳುವ ಹೊತ್ತನ್ನೂ ಬರೆಯುವ ಹೊತ್ತನ್ನೂ ಬೇರೆ ಮಾಡಿದೆ. ಅಷ್ಟು ಮಾಡಿದ್ದಕ್ಕೇ ಸಂಗೀತ ನನಗೆ ಮೊದಲಿಗಿಂತ ಜಾಸ್ತಿ ಕೊಡತೊಡಗಿತು. ಒಂದು ರಾಗ ನಿಮಗೆ ಭಾವ ಕೊಡುತ್ತದೆ, ಕಥೆ ಕೊಡುವುದಿಲ್ಲ. ಆ ಭಾವಕ್ಕೆ ತಕ್ಕ ಮನುಷ್ಯ ಯಾರು, ಅವನ ಕೈಯಲ್ಲಿ ಏನಿದೆ, ಯಾವ ಬಾಗಿಲ ಮುಂದೆ ನಿಂತಿದ್ದಾನೆ ಎಂದು ಹುಡುಕುವುದು ನಮ್ಮ ಕೆಲಸ. ಆ ಹುಡುಕಾಟವನ್ನು ಹೇಗೆ ಮಾಡಬಹುದು ಎಂದು ಹಂತ ಹಂತವಾಗಿ ಹೇಳುತ್ತೇನೆ. ಈಗಷ್ಟೇ ಶುರು ಮಾಡಿದವರಿಗೂ ಆಗುತ್ತದೆ, ಅರ್ಧಕ್ಕೆ ನಿಂತವರಿಗೂ ಆಗುತ್ತದೆ. ಸಂಗೀತ ಕಲಿತಿರಲೇಬೇಕು ಅಂತೇನಿಲ್ಲ.

1. ನಿಮ್ಮ ನೆನಪು ಅಂಟಿಕೊಂಡಿರದ ಸಂಗೀತ ಹುಡುಕಿ

ಎಲ್ಲರೂ ಮೊದಲು ಇಷ್ಟದ ಹಾಡನ್ನೇ ಹಾಕಿಕೊಳ್ಳುತ್ತಾರೆ. ಸಹಜ ಅಲ್ವಾ? ಆದರೆ ಆ ಹಾಡಿನೊಳಗೆ ಈಗಾಗಲೇ ನೀವೇ ತುಂಬಿಕೊಂಡಿದ್ದೀರಿ. ಕಾಲೇಜಿನ ದಿನಗಳು, ಯಾರದೋ ಮುಖ, ಒಂದು ಬಸ್ ಪ್ರಯಾಣ. ಸಿನಿಮಾ ಹಾಡಾದರೆ ಅದರ ದೃಶ್ಯವೂ ಬೆನ್ನಿಗೇ ಬರುತ್ತದೆ. ನಿಮ್ಮ ಪಾತ್ರಕ್ಕೆ ಕಾಲಿಡಲು ಜಾಗವೇ ಉಳಿಯುವುದಿಲ್ಲ.

ಅದಕ್ಕೇ ನೀವು ಕೇಳಿರದ ವಾದ್ಯ ಹುಡುಕಿ. ಅರ್ಮೇನಿಯಾದ ದುಡುಕ್, ಜಪಾನಿನ ಬಿದಿರು ಕೊಳಲು ಶಕುಹಾಚಿ, ಪಶ್ಚಿಮ ಆಫ್ರಿಕಾದ 21 ತಂತಿಗಳ ಕೋರಾ. ಇವುಗಳ ದನಿ ಕಿವಿಗೆ ಬಿದ್ದಾಗ ಮನಸ್ಸಿಗೆ ಹಳೆಯ ಚಿತ್ರ ಸಿಗುವುದಿಲ್ಲ. ಆಗ ಅದು ಹೊಸದನ್ನು ಕಟ್ಟುತ್ತದೆ. ಮನುಷ್ಯರ ದನಿಯೇ ಬೇಕು ಅನ್ನಿಸಿದರೆ ನಿಮಗೆ ಅರ್ಥವಾಗದ ಭಾಷೆಯ ಹಾಡು ಕೇಳಿ. ಇಲ್ಲವೇ ಮಾತಿಲ್ಲದ ಆಲಾಪನೆ ಕೇಳಿ.

ಬರೆಯುವ ಹೊತ್ತಿನಲ್ಲಿ ಸಾಹಿತ್ಯವಿರುವ ಹಾಡು ಯಾಕೆ ಬೇಡ ಎಂಬುದಕ್ಕೆ ಕಾರಣವಿದೆ. ಪಿಯರ್ ಸಲಾಮೆ ಮತ್ತು ಆಲನ್ ಬ್ಯಾಡ್ಲಿ ಎಂಬ ಮನಶ್ಶಾಸ್ತ್ರಜ್ಞರು 1989ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಂಕಿಗಳ ಸಾಲನ್ನು ನೆನಪಿಟ್ಟುಕೊಂಡು ಹೇಳುವ ಕೆಲಸ ಕೊಟ್ಟು, ಹಿನ್ನೆಲೆಯಲ್ಲಿ ಸಂಗೀತ ಹಾಕಿದರು. ಬರೀ ವಾದ್ಯಕ್ಕಿಂತ ಹಾಡುವ ದನಿ ಹೆಚ್ಚು ಅಡ್ಡಿ ಮಾಡಿತು. ವಾಕ್ಯ ಕಟ್ಟುವಾಗ ನಾವು ಮಾಡುವುದೂ ಅಂಥದ್ದೇ ಕೆಲಸ. ಹತ್ತು ಪದಗಳನ್ನು ತಲೆಯಲ್ಲಿ ಹಿಡಿದುಕೊಂಡು ಹನ್ನೊಂದನೆಯದನ್ನು ಹುಡುಕುತ್ತಿರುತ್ತೇವೆ. ಅಷ್ಟರಲ್ಲಿ ಬೇರೆಯವರ ಪದಗಳು ಒಳಗೆ ನುಗ್ಗಿದರೆ ಕೈಯಲ್ಲಿದ್ದದ್ದು ಜಾರುತ್ತದೆ.

ಇನ್ನು, ಮೊಜಾರ್ಟ್ ಕೇಳಿದರೆ ಬುದ್ಧಿ ಚುರುಕಾಗುತ್ತದೆ ಎಂಬ ಮಾತಿದೆಯಲ್ಲ, ಅದನ್ನು ನಂಬಿಕೊಂಡು ಕೂರಬೇಡಿ. 1993ರ ಆ ಪ್ರಯೋಗ ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ನೋಡುವಂಥ ಲೆಕ್ಕಗಳ ಬಗ್ಗೆ. ಪರಿಣಾಮ ಇದ್ದದ್ದು 10-15 ನಿಮಿಷ. ಕಾದಂಬರಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮನ್ನು ಅಲುಗಾಡಿಸುವ ಸಂಗೀತ ಯಾವುದೋ ಅದೇ ಸರಿ.

2. ಮೂರು ಸಲ ಕೇಳಿ

ಐದಾರು ನಿಮಿಷದ ಒಂದೇ ಒಂದು ತುಣುಕು ಆರಿಸಿ. ಇಡೀ ಪ್ಲೇಲಿಸ್ಟ್ ಬೇಡ. ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ಮೊಬೈಲಿನಲ್ಲೇ ಕೇಳುವುದಾದರೆ ನೋಟಿಫಿಕೇಶನ್ ಆಫ್ ಮಾಡಿ, ಮಗುಚಿಡಿ.

ಮೊದಲ ಸಲ ಸುಮ್ನೆ ಕೇಳಿ. ಪೆನ್ನು ಮುಟ್ಟಬೇಡಿ. ಎಲ್ಲಿ ಮೈ ಜುಮ್ಮೆಂದಿತು, ಎಲ್ಲಿ ಮನಸ್ಸು ಬೇರೆ ಕಡೆ ಹೋಯಿತು, ಅಷ್ಟನ್ನು ಗಮನಿಸಿದರೆ ಸಾಕು.

ಎರಡನೇ ಸಲ, ಕಂಡದ್ದನ್ನು ಬರೆಯಿರಿ. ಇಲ್ಲೊಂದು ಕಟ್ಟುನಿಟ್ಟು ಬೇಕು. ‘ದುಃಖ’, ‘ವಿರಹ’, ‘ಒಂಟಿತನ’ ಎಂದು ಬರೆಯಬೇಡಿ. ಅವು ಸಂಗೀತದ ಬಗ್ಗೆ ನಿಮ್ಮ ಅಭಿಪ್ರಾಯ, ಅಷ್ಟೇ. ಅವುಗಳಿಂದ ದೃಶ್ಯ ಹುಟ್ಟುವುದಿಲ್ಲ. ವಸ್ತು ಬರೆಯಿರಿ. ಜಾಗ ಬರೆಯಿರಿ. ಕೈಕಾಲು ಏನು ಮಾಡುತ್ತಿವೆ ಎಂದು ಬರೆಯಿರಿ. ‘ಒದ್ದೆ ಚಪ್ಪಲಿ, ಒಂದೇ ಒಂದು.’ ‘ಮೆಟ್ಟಿಲ ಮೇಲೆ ಯಾರೋ ಅರ್ಧಕ್ಕೆ ನಿಂತರು.’ ‘ಗೋಡೆಯಲ್ಲಿ ಮೊಳೆ ಇದೆ, ಫೋಟೋ ಇಲ್ಲ.’ ವಾಕ್ಯ ಚೆನ್ನಾಗಿರಬೇಕಿಲ್ಲ. ಪಕ್ಕದಲ್ಲಿ ಅದು ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿ ಕಂಡಿತು ಎಂದು ಗುರುತು ಹಾಕಿ. ಮುಂದೆ ಬೇಕಾಗುತ್ತದೆ.

ಮೂರನೇ ಸಲ, ನಿಮ್ಮನ್ನು ಹೆಚ್ಚು ಹಿಡಿದ ಜಾಗಕ್ಕೆ ಬಂದಾಗ ನಿಲ್ಲಿಸಿ. ಅಲ್ಲಿ ಕಂಡ ಚಿತ್ರವನ್ನು ಪ್ರಶ್ನೆ ಕೇಳಿ. ಇದು ಯಾರು? ಈ ಕ್ಷಣಕ್ಕೆ ಸ್ವಲ್ಪ ಮುಂಚೆ ಏನಾಯಿತು? ಇವರಿಗೆ ಏನು ಬೇಕು? ಅದು ಸಿಗದ ಹಾಗೆ ತಡೆಯುತ್ತಿರುವುದು ಏನು? ಉತ್ತರ ಹೊಳೆಯದಿದ್ದರೆ ಬಾಯಿಗೆ ಬಂದದ್ದನ್ನೇ ಬರೆಯಿರಿ. ಸುಳ್ಳು ಉತ್ತರವೂ ಸರಿಯಾದದ್ದರ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತದೆ.

ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ಮನೆ ಬಿಟ್ಟು ಹೋದ ಅಪ್ಪ ಐದು ವರ್ಷದ ಮೇಲೆ ವಾಪಸ್ ಬರುವ ಅಧ್ಯಾಯದಲ್ಲಿ ನಾನು ಸಿಕ್ಕಿಕೊಂಡಿದ್ದೆ. ಅವನು ಬಂದ ತಕ್ಷಣ ಜಗಳ ಬರೆದೆ. ಅದು ನಾಟಕದ ಹಾಗಾಯಿತು. ಅಪ್ಪುಗೆ ಬರೆದೆ, ಅದೂ ಸುಳ್ಳಾಯಿತು. ಆಮೇಲೆ ಒಂದು ಸರೋದ್ ಕಛೇರಿಯ ಧ್ವನಿಮುದ್ರಣ ಕೇಳುತ್ತಾ ಕೂತೆ. ನಾಲ್ಕನೇ ನಿಮಿಷದಲ್ಲಿ ಕಲಾವಿದರು ನುಡಿಸುತ್ತಲೇ ಒಂದು ತಂತಿಯ ಶ್ರುತಿ ಸರಿಮಾಡಿಕೊಂಡರು. ಒಂದು ಸಣ್ಣ ತಡವರಿಕೆ, ಆಮೇಲೆ ಮತ್ತೆ ರಾಗ. ನನ್ನ ನೋಟ್‌ಬುಕ್ಕಿನಲ್ಲಿ ‘ಕೈ ಎಲ್ಲಿಗೋ ಹೋಗಿ ವಾಪಸ್ ಬಂತು’ ಎಂದು ಬರೆದಿದ್ದೆ. ಯಾರ ಕೈ? ಅಪ್ಪನದು. ಎಲ್ಲಿಗೆ ಹೋಯಿತು? ಗೇಟಿನ ಚಿಲಕಕ್ಕೆ. ಯಾಕೆ ವಾಪಸ್ ಬಂತು? ಅವನು ಇಲ್ಲದಾಗ ಮನೆಯವರು ಗೇಟ್ ಬದಲಿಸಿದ್ದಾರೆ, ಚಿಲಕ ಈಗ ಇನ್ನೊಂದು ಪಕ್ಕದಲ್ಲಿದೆ. ಅಷ್ಟೇ ಸಾಕಾಯಿತು. ಜಗಳವೂ ಬೇಡ, ಅಪ್ಪುಗೆಯೂ ಬೇಡ. ಆ ಅಧ್ಯಾಯ ಒಂದೇ ಬೆಳಿಗ್ಗೆ ಮುಗಿಯಿತು. ಅದರಲ್ಲಿ ಸರೋದಿನ ಹೆಸರೂ ಇಲ್ಲ.

3. ಪಾತ್ರವನ್ನು ರಾಗದ ಹಾಗೆ ನೋಡಿ

ಹಿಂದೂಸ್ತಾನಿ ಸಂಗೀತದಲ್ಲಿ ಭೂಪಾಲಿ ಮತ್ತು ದೇಶ್‌ಕಾರ್ ಎಂಬ ಎರಡು ರಾಗಗಳಿವೆ. ಎರಡರಲ್ಲೂ ಅವೇ ಐದು ಸ್ವರ: ಸ, ರಿ, ಗ, ಪ, ಧ. ಕರ್ನಾಟಕ ಸಂಗೀತ ಕೇಳುವವರಿಗೆ ಇವು ಮೋಹನ ರಾಗದ ಸ್ವರಗಳಾಗಿ ಗೊತ್ತು. ಆದರೂ ಭೂಪಾಲಿ ಬೇರೆ, ದೇಶ್‌ಕಾರ್ ಬೇರೆ. ಭೂಪಾಲಿಯಲ್ಲಿ ಗಾಂಧಾರ (ಗ) ವಾದಿ ಸ್ವರ. ರಾಗ ಮತ್ತೆ ಮತ್ತೆ ಬಂದು ನಿಲ್ಲುವುದು ಅಲ್ಲಿ. ದೇಶ್‌ಕಾರಿನಲ್ಲಿ ಧೈವತಕ್ಕೆ (ಧ) ಆ ಜಾಗ. ಭೂಪಾಲಿಯನ್ನು ರಾತ್ರಿಯ ಮೊದಲ ಹೊತ್ತಿಗೆ ಹಾಡುತ್ತಾರೆ, ದೇಶ್‌ಕಾರನ್ನು ಬೆಳಿಗ್ಗೆ. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಅವೇ ಸ್ವರಗಳು ಇಷ್ಟು ಬೇರೆ ಆಗುವುದು ಹೇಗೆ ಅಂತ ಆಶ್ಚರ್ಯವಾಗುತ್ತದೆ.

ಪಾತ್ರ ಕಟ್ಟುವಾಗ ನಾವು ಮಾಡುವ ದೊಡ್ಡ ತಪ್ಪು ಇಲ್ಲಿ ಗೊತ್ತಾಗುತ್ತದೆ. ‘ಕೋಪಿಷ್ಠ, ಪ್ರಾಮಾಣಿಕ, ತಾಯಿಯ ಮೇಲೆ ಪ್ರೀತಿ’ ಎಂದು ಗುಣಗಳ ಪಟ್ಟಿ ಮಾಡಿಕೊಳ್ಳುತ್ತೇವೆ. ಅದು ಬರೀ ಸ್ವರಗಳ ಪಟ್ಟಿ. ಇಬ್ಬರು ಅಕ್ಕತಂಗಿಯರಿಗೆ ಅವೇ ಮೂರು ಗುಣ ಇರಬಹುದು. ಒಬ್ಬಳು ಯಾವ ಮಾತು ಶುರುವಾದರೂ ಕೊನೆಗೆ ಪ್ರಾಮಾಣಿಕತೆಗೇ ಬಂದು ನಿಲ್ಲುತ್ತಾಳೆ. ಇನ್ನೊಬ್ಬಳು ಎಲ್ಲಿಂದ ಹೊರಟರೂ ತಾಯಿಯ ಹತ್ತಿರವೇ ಬರುತ್ತಾಳೆ. ಆಗ ಅವರು ಬೇರೆ ಬೇರೆ ಮನುಷ್ಯರು.

ನಿಮ್ಮ ಮುಖ್ಯ ಪಾತ್ರವನ್ನು ತೆಗೆದುಕೊಂಡು ಹೀಗೆ ಮಾಡಿ. ಅದರ ವಾದಿ ಸ್ವರ ಯಾವುದು, ಅಂದರೆ ಮನಸ್ಸು ಪದೇ ಪದೇ ಬಂದು ನಿಲ್ಲುವ ಜಾಗ ಯಾವುದು ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಆಮೇಲೆ ಆ ಪಾತ್ರ ಮುಟ್ಟದೇ ದಾಟಿ ಹೋಗುವ ವಿಷಯ ಯಾವುದು ಅಂತಲೂ ಬರೆಯಿರಿ. ಭೂಪಾಲಿ ಮಧ್ಯಮವನ್ನೂ (ಮ) ನಿಷಾದವನ್ನೂ (ನಿ) ಮುಟ್ಟುವುದಿಲ್ಲ. ಬಿಟ್ಟ ಸ್ವರಗಳಿಂದಲೂ ರಾಗಕ್ಕೆ ಗುರುತು ಬರುತ್ತದೆ.

ಇದಲ್ಲದೆ, ಪಾತ್ರಕ್ಕೂ ಒಂದು ಹಾಡು ಇರುತ್ತದೆ. ‘ಅವಳಿಗೆ ಯಾವ ಹಾಡು ಇಷ್ಟ’ ಎಂಬ ಪ್ರಶ್ನೆಯಿಂದ ಹೆಚ್ಚೇನೂ ಸಿಗುವುದಿಲ್ಲ. ಅವಳು ಯಾವ ಹಾಡು ಬಂದರೆ ಎದ್ದು ಹೋಗುತ್ತಾಳೆ? ಯಾರೂ ಇಲ್ಲದಾಗ ಏನು ಗುನುಗುತ್ತಾಳೆ? ಮೊದಲು ಹಾಡುತ್ತಿದ್ದವಳು ಯಾವ ವರ್ಷ ಹಾಡುವುದು ನಿಲ್ಲಿಸಿದಳು? ಈ ಕೊನೆಯ ಪ್ರಶ್ನೆಯಿಂದ ನನಗೆ ಒಂದು ಇಡೀ ಉಪಕಥೆ ಸಿಕ್ಕಿದೆ.

4. ಓದುಗರನ್ನು ಕಾಯಿಸುವುದನ್ನು ತಾಳದಿಂದ ಕಲಿಯಿರಿ

ಓಟದ ದೃಶ್ಯಕ್ಕೆ ದ್ರುತ, ದುಃಖದ ದೃಶ್ಯಕ್ಕೆ ವಿಲಂಬಿತ ಎಂದು ಸುಲಭವಾಗಿ ಹಂಚಿಬಿಡಬಹುದು. ಆದರೆ ನನಗೆ ಲಯದಿಂದ ಸಿಕ್ಕ ದೊಡ್ಡ ಪಾಠ ವೇಗದ್ದಲ್ಲ, ಕಾಯುವುದರದ್ದು.

ತುಂಬಾ ನಿಧಾನದ ವಿಲಂಬಿತ ಏಕತಾಳದಲ್ಲಿ 12 ಮಾತ್ರೆಗಳ (ಎಣಿಕೆಗಳ) ಒಂದು ಆವರ್ತನೆ, ಅಂದರೆ ತಾಳದ ಒಂದು ಸುತ್ತು, ಮುಗಿಯಲು ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯಬಹುದು. ಆ ಒಂದು ನಿಮಿಷ ಗಾಯಕರು ಎಲ್ಲೆಲ್ಲೋ ಸುತ್ತುತ್ತಾರೆ. ಕೇಳುವವರಿಗೆ ಮಾತ್ರ ಒಂದು ವಿಷಯ ಗೊತ್ತಿರುತ್ತದೆ: ಸಮ್, ಅಂದರೆ ತಾಳದ ಮೊದಲ ಪೆಟ್ಟು, ಬರಲಿದೆ. ಅಲ್ಲಿಗೆ ಇವರು ಬಂದು ಸೇರಲೇಬೇಕು. ಹತ್ತಿರವಾದ ಹಾಗೆ ಸಭೆ ಮುಂದಕ್ಕೆ ಬಾಗುತ್ತದೆ. ಸಮ್‌ಗೆ ಬಂದಾಗ ಎಲ್ಲರ ತಲೆಯೂ ಒಟ್ಟಿಗೆ ಆಡುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಸಮ್ ಎಲ್ಲಿದೆ ಎಂದು ಗೊತ್ತಿಲ್ಲದವರಿಗೆ ಆ ಒಂದು ನಿಮಿಷ ಬರೀ ನಿಧಾನ. ಗೊತ್ತಿದ್ದವರಿಗೆ ಅದು ಕುತೂಹಲ. ಲೆನರ್ಡ್ ಮೇಯರ್ ಎಂಬ ಸಂಗೀತ ಚಿಂತಕರು 1956ರಲ್ಲೇ ಇದನ್ನು ವಿವರಿಸಿದ್ದರು. ನಾವು ನಿರೀಕ್ಷಿಸಿದ್ದು ತಡವಾದಾಗ, ದಾರಿ ತಪ್ಪಿದಾಗ ಸಂಗೀತದಲ್ಲಿ ಭಾವ ಹುಟ್ಟುತ್ತದೆ ಎಂಬುದು ಅವರ ವಾದ.

ಕಾದಂಬರಿಗೂ ಇದು ಹಾಗೇ ಹೊಂದುತ್ತದೆ. ನಮ್ಮಲ್ಲಿ ಬಹಳ ಜನ ಕುತೂಹಲ ಹುಟ್ಟಿಸಲು ವಿಷಯವನ್ನು ಮುಚ್ಚಿಡುತ್ತಾರೆ. ಓದುಗರಿಗೆ ಏನೂ ಗೊತ್ತಿಲ್ಲದಿದ್ದರೆ ಅವರು ಕಾಯುವುದಾದರೂ ಯಾವುದಕ್ಕೆ? ಮೊದಲು ಸಮ್ ತೋರಿಸಿ. ‘ಸಂಜೆ ಆರಕ್ಕೆ ಅಣ್ಣ ಬರುತ್ತಾನೆ, ಅವನಿಗೆ ಮನೆ ಮಾರಿದ ವಿಷಯ ಗೊತ್ತಿಲ್ಲ.’ ಇಷ್ಟು ಹೇಳಿದ ಮೇಲೆ ನೀವು ಮೂರು ಪುಟ ಅಂಗಳ ಗುಡಿಸುವುದನ್ನು ಬರೆದರೂ ಓದುಗರು ಉಸಿರು ಹಿಡಿದು ಓದುತ್ತಾರೆ.

ಅಭ್ಯಾಸಕ್ಕೆ ಒಂದು ವಿಲಂಬಿತ ಖಯಾಲ್ (ಹಿಂದೂಸ್ತಾನಿ ಗಾಯನದ ಒಂದು ಪ್ರಕಾರ) ಹಾಕಿ. ತಬಲಾ ಕೇಳುತ್ತಾ ಸಮ್ ಹುಡುಕಿ. ಮೊದಲ ದಿನ ಸಿಗದಿರಬಹುದು, ನಾಲ್ಕೈದು ದಿನದಲ್ಲಿ ಕಿವಿ ಹಿಡಿಯುತ್ತದೆ. ಆಮೇಲೆ ನಿಮ್ಮ ಸಪ್ಪೆ ಅಧ್ಯಾಯವೊಂದನ್ನು ತೆಗೆದು, ಅದರ ಸಮ್ ಯಾವ ಪುಟದಲ್ಲಿದೆ, ಓದುಗರಿಗೆ ಅದರ ಸುಳಿವು ಯಾವ ಪುಟದಲ್ಲಿ ಸಿಗುತ್ತದೆ ನೋಡಿ. ನನ್ನ ಸಪ್ಪೆ ಅಧ್ಯಾಯಗಳಲ್ಲಿ ಹೆಚ್ಚಿನವುಗಳಿಗೆ ಸುಳಿವೇ ಇರಲಿಲ್ಲ.

5. ಪಲ್ಲವಿ ತಿರುಗಿ ಬರಲಿ

ಕರ್ನಾಟಕ ಸಂಗೀತದ ಒಂದು ಕೃತಿಯಲ್ಲಿ ಅನುಪಲ್ಲವಿ ಆದ ಮೇಲೂ ಚರಣ ಆದ ಮೇಲೂ ಪಲ್ಲವಿ ಮರಳುತ್ತದೆ. ಮರಳಿದಾಗ ಅದೇ ಸಾಲು, ಆದರೆ ನಾವು ಕೇಳುವ ರೀತಿ ಬದಲಾಗಿರುತ್ತದೆ. ಸಂಗತಿಗಳನ್ನು, ಅಂದರೆ ಒಂದು ಸಾಲನ್ನೇ ಬೇರೆ ಬೇರೆ ರೀತಿ ಬೆಳೆಸುತ್ತಾ, ಹಾಡುವಾಗಲೂ ಹಾಗೇ. ಒಂದೇ ಸಾಲು, ಪ್ರತಿ ಸಲ ಒಂದು ಹೆಜ್ಜೆ ಮುಂದೆ. ನಿಮ್ಮ ನೋಟ್‌ಬುಕ್ಕಿನಲ್ಲಿರುವ ಚಿತ್ರಗಳಲ್ಲಿ ಒಂದನ್ನು ಹೀಗೆ ಪಲ್ಲವಿ ಮಾಡಿಕೊಳ್ಳಬಹುದು. ಖಾಲಿ ಮೊಳೆ ಮೊದಲ ಅಧ್ಯಾಯದಲ್ಲಿ ಬರೀ ಮೊಳೆ. ಹತ್ತನೆಯದರಲ್ಲಿ ಅಲ್ಲಿ ಯಾರ ಫೋಟೋ ಇತ್ತು ಎಂದು ಗೊತ್ತಾಗುತ್ತದೆ. ಕೊನೆಯಲ್ಲಿ ಯಾರೋ ಅದಕ್ಕೆ ಒಂದು ಚೀಲ ತೂಗುಹಾಕುತ್ತಾರೆ. ಮೂರು ಸಲ ಸಾಕು. ಜಾಸ್ತಿಯಾದರೆ ಓದುಗರಿಗೆ ಬರಹಗಾರರ ಕೈ ಕಾಣತೊಡಗುತ್ತದೆ.

ಪಶ್ಚಿಮದ ಸಂಗೀತದಲ್ಲಿ ಇದನ್ನು ದೊಡ್ಡದಾಗಿ ಮಾಡಿದವರು ವಾಗ್ನರ್. 1876ರಲ್ಲಿ ಮೊದಲ ಬಾರಿ ಪೂರ್ತಿಯಾಗಿ ರಂಗಕ್ಕೆ ಬಂದ ಅವರ ನಾಲ್ಕು ಒಪೆರಾಗಳ (ಹಾಡಿನಲ್ಲೇ ನಡೆಯುವ ನಾಟಕಗಳ) ಸರಣಿಯಲ್ಲಿ ಉಂಗುರಕ್ಕೊಂದು, ಕತ್ತಿಗೊಂದು ಪುಟ್ಟ ಸ್ವರಗುಚ್ಛ ಇದೆ. ರಂಗದ ಮೇಲಿನವರು ಕತ್ತಿಯ ಮಾತೇ ಎತ್ತದಿದ್ದರೂ ವಾದ್ಯಗಳು ಅದನ್ನು ನೆನಪಿಸುತ್ತವೆ. ಪಾತ್ರಕ್ಕಿಂತ ಮುಂಚೆ ಕೇಳುಗರಿಗೆ ಗೊತ್ತಾಗುತ್ತದೆ.

ಇಡೀ ಸಂಗೀತ ಕೃತಿಯನ್ನೇ ಕಾದಂಬರಿಯ ಚೌಕಟ್ಟು ಮಾಡಿಕೊಂಡವರೂ ಇದ್ದಾರೆ. ಆಂಥನಿ ಬರ್ಜೆಸ್ 1974ರಲ್ಲಿ ಬೀಥೋವನ್‌ನ ಮೂರನೇ ಸಿಂಫನಿಯ ನಾಲ್ಕು ಭಾಗಗಳ ಅಚ್ಚಿನಲ್ಲಿ ನೆಪೋಲಿಯನ್ ಬಗ್ಗೆ ಕಾದಂಬರಿ ಬರೆದರು. ಬರ್ಜೆಸ್ ಸ್ವತಃ ಸಂಗೀತ ರಚನಕಾರರು. ಮೊದಲ ಕಾದಂಬರಿಗೆ ಅಂಥ ಸಾಹಸ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಂದು ಪಲ್ಲವಿ ಸಿಕ್ಕರೆ ಅದೇ ದೊಡ್ಡದು.

ಮೌನದ ಬಗ್ಗೆಯೂ ಎರಡು ಮಾತು. 1952ರಲ್ಲಿ ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಅವರ ಒಂದು ಕೃತಿಯ ಮೊದಲ ಪ್ರದರ್ಶನ ಆಯಿತು. ಪಿಯಾನೋ ವಾದಕರು 4 ನಿಮಿಷ 33 ಸೆಕೆಂಡು ಏನನ್ನೂ ನುಡಿಸಲಿಲ್ಲ. ಆಗ ಸಭೆಗೆ ಗಾಳಿ ಕೇಳಿಸಿತು, ಚಾವಣಿ ಮೇಲೆ ಬಿದ್ದ ಮಳೆಹನಿ ಕೇಳಿಸಿತು. ನಿಮ್ಮ ಕಥೆಯಲ್ಲಿ ಇಬ್ಬರು ಮಾತು ನಿಲ್ಲಿಸಿದಾಗ ‘ಮೌನ ಆವರಿಸಿತು’ ಅಂತ ಬರೆಯುವ ಬದಲು ಆ ಕೋಣೆಯಲ್ಲಿ ಆಗ ಏನು ಕೇಳಿಸಿತು ಅಂತ ಬರೆಯಿರಿ. ನಲ್ಲಿಯ ಹನಿಯೋ, ಫ್ಯಾನಿನ ಕಿರುಗುಟ್ಟುವಿಕೆಯೋ, ಪಕ್ಕದ ಮನೆಯ ಟೀವಿಯೋ.

6. ದಿನಾ ಒಂದೇ ಸಂಗೀತದಿಂದ ಶುರು ಮಾಡಿ

ಇದು ಚಿಕ್ಕ ವಿಷಯ, ಉಪಯೋಗ ದೊಡ್ಡದು. ಮೂರು ನಾಲ್ಕು ನಿಮಿಷದ ಒಂದು ತುಣುಕನ್ನು ಈ ಕಾದಂಬರಿಗೆ ಮೀಸಲಿಡಿ. ದಿನಾ ಕೂತ ತಕ್ಷಣ ಅದನ್ನು ಕೇಳಿ, ಮುಗಿದ ಕೂಡಲೇ ಬರೆಯಿರಿ. ಬೇರೆ ಹೊತ್ತಿನಲ್ಲಿ ಅದನ್ನು ಮುಟ್ಟಬೇಡಿ. ಎರಡು ಮೂರು ವಾರ ಹೀಗೆ ಮಾಡಿದರೆ, ಮೊದಲ ಸ್ವರ ಕೇಳುತ್ತಲೇ ಮನಸ್ಸು ಕಥೆಯೊಳಗೆ ಬಂದಿರುತ್ತದೆ. ನಾನು ನಡುವೆ ನಾಲ್ಕು ತಿಂಗಳು ಬರೆಯುವುದನ್ನೇ ಬಿಟ್ಟಿದ್ದೆ. ವಾಪಸ್ ಕರೆತಂದದ್ದು ಹೀಗೆ ಕಾದಿಟ್ಟ ಒಂದು ಕೊಳಲು. ಅದು ಸವೆದು ಏನೂ ಅನ್ನಿಸದಂತಾದರೆ ಬದಲಿಸಿ.

ಬರೆಯುವಾಗಲೂ ಏನಾದರೂ ಕೇಳುತ್ತಿರಲೇಬೇಕು ಅನ್ನುವವರಿದ್ದಾರೆ. ಮನೆಯಲ್ಲಿ ಗದ್ದಲ ಇದ್ದರೆ ಅದು ಬೇಕೂ ಆಗುತ್ತದೆ. ಹಾಗಿದ್ದರೆ ತಂಬೂರಿಯ ಶ್ರುತಿಯನ್ನೋ ಮಳೆಯ ಸದ್ದನ್ನೋ ಸಣ್ಣದಾಗಿ ಹಾಕಿಕೊಳ್ಳಿ. ಅವು ಗಲಾಟೆ ಮುಚ್ಚುತ್ತವೆ, ನಿಮ್ಮ ಪರವಾಗಿ ಅಳುವುದಿಲ್ಲ.

7. ಹಾಡಿನ ಸಾಲು ಬಳಸುವ ಮುನ್ನ

ಸ್ಫೂರ್ತಿ ಕೊಟ್ಟ ಹಾಡಿನ ಸಾಲನ್ನು ಅಧ್ಯಾಯದ ಮೇಲೆ ಹಾಕಬೇಕು ಅನ್ನಿಸುತ್ತದೆ. ಹಕ್ಕುಸ್ವಾಮ್ಯ ಇರುವ ಸಾಹಿತ್ಯಕ್ಕೆ ಅನುಮತಿ ಪಡೆಯಬೇಕಾಗುತ್ತದೆ. ಒಂದೆರಡು ಸಾಲಾದರೂ ತಕರಾರು ಬರಬಹುದು, ಯಾಕೆಂದರೆ ಹಾಡೇ ಚಿಕ್ಕದು. ಭಾರತದಲ್ಲಿ ಈ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ, ಅನೇಕ ದೇಶಗಳಲ್ಲಿ 70 ವರ್ಷ. ಹಾಡಿನ ಹೆಸರು ಹೇಳುವುದಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಹೆಸರು ಹೇಳಿದ ಮಾತ್ರಕ್ಕೆ ಓದುಗರ ಕಿವಿಯಲ್ಲಿ ಆ ಹಾಡು ಕೇಳಿಸುತ್ತದೆ ಅಂದುಕೊಳ್ಳಬೇಡಿ. ಆ ಹಾಡು ಕೇಳುತ್ತಿರುವವಳ ಬೆರಳು ಏನು ಮಾಡುತ್ತಿತ್ತು ಅನ್ನುವುದೇ ಅವರನ್ನು ಮುಟ್ಟುತ್ತದೆ.

8. ಸಂಗೀತವಿಲ್ಲದೆ ಓದಿ

ಬರೆದದ್ದನ್ನು ಕನಿಷ್ಠ ಎರಡು ದಿನ ಬಿಡಿ. ಆಮೇಲೆ ಪೂರ್ತಿ ಸದ್ದಿಲ್ಲದ ಹೊತ್ತು ನೋಡಿಕೊಂಡು ಗಟ್ಟಿಯಾಗಿ ಓದಿ. ಕೈಯಲ್ಲಿ ಪೆನ್ಸಿಲ್ ಇರಲಿ. ಬರೆಯುವಾಗ ಮನಸ್ಸು ಕಲಕಿತ್ತು, ಈಗ ಏನೂ ಆಗಲಿಲ್ಲ ಅನ್ನುವ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಅಲ್ಲೆಲ್ಲ ಭಾವ ಇನ್ನೂ ಸಂಗೀತದಲ್ಲೇ ಇದೆ, ಪುಟಕ್ಕೆ ಇಳಿದಿಲ್ಲ.

ಆ ಸಾಲುಗಳನ್ನು ಅಲಂಕಾರ ಮಾಡಿ ಉಳಿಸಲು ಹೋಗಬೇಡಿ. ನೋಟ್‌ಬುಕ್ ತೆಗೆಯಿರಿ. ನಿಮಿಷ, ಸೆಕೆಂಡು ಬರೆದಿಟ್ಟುಕೊಂಡಿದ್ದೀರಲ್ಲ, ಆ ಜಾಗವನ್ನು ಮಾತ್ರ ಮತ್ತೊಮ್ಮೆ ಕೇಳಿ. ಕಂಡ ವಸ್ತು ಯಾವುದು, ಕೈ ಏನು ಮಾಡುತ್ತಿತ್ತು ಎಂದು ನೋಡಿ. ನಿಲ್ಲಿಸಿ. ಸದ್ದಿಲ್ಲದೆ ಮತ್ತೆ ಬರೆಯಿರಿ.

ಆ ಅಜ್ಜಿಯ ಸಾವನ್ನು ನಾನು ಹೀಗೆ ಮತ್ತೆ ಬರೆದೆ. ಸಾರಂಗಿಯ ಎರಡನೇ ನಿಮಿಷದಲ್ಲಿ ಕಮಾನು ತಂತಿಯ ಮೇಲೆ ಸುಮ್ನೆ ನಿಂತ ಹಾಗೆ ಒಂದು ಜಾಗವಿತ್ತು. ಅಲ್ಲಿ ನನಗೆ ಕಂಡದ್ದು ಒಂದು ಕನ್ನಡಕ. ಹಳೆಯ ನಾಲ್ಕು ಪುಟಗಳು ಹೋಗಿ ಅರ್ಧ ಪುಟ ಉಳಿಯಿತು. ಅದರಲ್ಲಿ ಯಾರೂ ಅಳುವುದಿಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ಮೊಮ್ಮಗ ಕಿಟಕಿಯ ಹತ್ತಿರ ಬರುತ್ತಾನೆ. ಅಜ್ಜಿಯ ಕನ್ನಡಕ ತೆಗೆದುಕೊಂಡು ಅಂಗಿಯ ತುದಿಯಿಂದ ಎರಡೂ ಗಾಜನ್ನು ಒರೆಸುತ್ತಾನೆ. ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ಒರೆಸುತ್ತಾನೆ. ಆಮೇಲೆ ಅವಳ ಕೈಗೆ ಸಿಗುವ ಹಾಗೆ, ದಿಂಬಿನ ಬಲಗಡೆ ಇಡುತ್ತಾನೆ.